ಗೇಮಿನ ಮಂಗ, ತೋಟದ ಮಂಗ್ಯಾ

ಕಂಪ್ಯೂಟರ್ ಗೇಮ್ ಅಂದರೆ ಗನ್ನು, ಕಾರು, ಕ್ರಿಕೆಟ್ಟು ಎಂಬುದೇ ನಮ್ಮಲ್ಲಿ ಹೆಚ್ಚಿನವರ ಲೆಕ್ಕ. ಆದರೆ ಕುಳ್ಳರ ಗುಂಪೊಂದು ಬೆಟ್ಟ ಕೊರೆದು ಕೋಟೆ ಕಟ್ಟಿಕೊಂಡು ಬದುಕುವ ಆಟವೂ ಒಂದಿದೆ. ಅದರಲ್ಲಿ ನಮ್ಮ ದೇಶದ ಮಂಗಕ್ಕೂ ಒಂದು ಪಾತ್ರವಿದೆ ಎಂದರೆ ನಂಬುತ್ತೀರಾ?

ಆಟದ ಹೆಸರು ‘ಡ್ವಾರ್ಫ್ ಫೋರ್ಟ್ರೆಸ್’. ಅಮೆರಿಕದ ಟಾರ್ನ್ ಆಡಮ್ಸ್ ಮತ್ತು ಝ್ಯಾಕ್ ಆಡಮ್ಸ್ ಎಂಬ ಅಣ್ಣತಮ್ಮಂದಿರು 2006ರಲ್ಲಿ ಬಿಡುಗಡೆ ಮಾಡಿದ ಆಟವಿದು. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ 2012ರಲ್ಲಿ ತನ್ನ ಸಂಗ್ರಹಕ್ಕೆ ಆರಿಸಿಕೊಂಡ 14 ವಿಡಿಯೊ ಗೇಮ್‌ಗಳಲ್ಲಿ ಇದೂ ಸೇರಿದೆ. 2022ರ ಡಿಸೆಂಬರ್‌ನಲ್ಲಿ ಚಿತ್ರಗಳಿರುವ ಆವೃತ್ತಿ ಮಾರಾಟಕ್ಕೆ ಬಂತು. ಬರೀ ಅಕ್ಷರ, ಚಿಹ್ನೆಗಳಲ್ಲೇ ಆಡುವ ಮೂಲ ಆವೃತ್ತಿ ಈಗಲೂ ಉಚಿತ. ಬಿ.ಇ. ಓದುತ್ತಿರುವ ನನ್ನ ಜೇಬಿಗೆ, ಕೋಟನೂರಿನ ನಮ್ಮ ಮನೆಯ ಹಳೇ ಲ್ಯಾಪ್‌ಟಾಪಿಗೆ ಆ ಉಚಿತದ್ದೇ ಸರಿ.

ಈ ಆಟದಲ್ಲಿ ಬರುವ ಮಂಗ ರೀಸಸ್ ಮಕಾಕ್. ಉತ್ತರ ಭಾರತದ ದೇವಸ್ಥಾನ, ರೈಲು ನಿಲ್ದಾಣಗಳಲ್ಲಿ ಕಾಣುವ ಕೆಂಪು ಮೂತಿಯ ಮಂಗವದು. 1940ರಲ್ಲಿ ಇದರ ಹೆಸರನ್ನೇ ರಕ್ತದ ಒಂದು ಅಂಶಕ್ಕೂ ಇಟ್ಟರು. ನಮ್ಮ ರಕ್ತ ಪಾಸಿಟಿವ್ ಇಲ್ಲವೇ ನೆಗೆಟಿವ್ ಎನ್ನುವಾಗ ಬರುವ ‘ಆರ್‌ಎಚ್’ ಎಂದರೆ ರೀಸಸ್ ಎಂದೇ ಅರ್ಥ. ಆಟದಲ್ಲಿ ಮಾತ್ರ ಅದಕ್ಕೆ ಅಂಥ ಗೌರವವಿಲ್ಲ. ಗುಂಪಾಗಿ ಬರುತ್ತದೆ, ಕುಳ್ಳರ ಕೋಟೆಗೆ ನುಗ್ಗುತ್ತದೆ, ಸಿಕ್ಕಿದ್ದನ್ನು ಎತ್ತಿಕೊಂಡು ಓಡುತ್ತದೆ. ನಕ್ಷೆಯ ಅಂಚು ದಾಟಿತೋ ಮುಗಿಯಿತು, ಮಂಗವೂ ಇಲ್ಲ, ವಸ್ತುವೂ ಇಲ್ಲ.

ಎಂಜಿನಿಯರಿಂಗ್ ವಿದ್ಯಾರ್ಥಿಯಾಗಿ ನನಗೆ ಮಜಾ ಎನಿಸುವುದು ಇದರ ಒಳಗಿನ ಕೆಲಸ. ಆಟದ ಪ್ರತಿ ಪ್ರಾಣಿಯೂ ಒಂದು ಸರಳ ಪಠ್ಯ ಕಡತದಲ್ಲಿದೆ. ನೋಟ್‌ಪ್ಯಾಡ್‌ನಲ್ಲಿ ತೆರೆದು ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಗುಂಪಿನಲ್ಲಿ ಎಷ್ಟು ಇರಬೇಕು, ಮೈ ಎಷ್ಟು ದೊಡ್ಡದು, ಎಷ್ಟು ವರ್ಷ ಬದುಕುತ್ತದೆ, ಎಲ್ಲ ಅಲ್ಲಿಯೇ ಬರೆದಿರುತ್ತದೆ. ಕಳ್ಳತನಕ್ಕೂ ಅಲ್ಲಿ ಪದಗಳಿವೆ. ಒಂದನ್ನು ಸೇರಿಸಿದರೆ ಪ್ರಾಣಿ ವಸ್ತು ಕದಿಯುತ್ತದೆ, ಇನ್ನೊಂದಕ್ಕೆ ಆಹಾರ ತಿನ್ನುತ್ತದೆ, ಮತ್ತೊಂದಕ್ಕೆ ಪಾನೀಯ ಕುಡಿಯುತ್ತದೆ. ಆ ಪದ ಅಳಿಸಿದರೆ ಅದೇ ಪ್ರಾಣಿ ಸಭ್ಯ!

ಹಾಗಾದರೆ ನಮ್ಮೂರ ಮಂಗವನ್ನೂ ಈ ಆಟಕ್ಕೆ ಸೇರಿಸಿದರೆ ಹೇಗೆ ಎಂದು ಹೊರಟೆ. ದಕ್ಷಿಣ ಭಾರತದ ಮಂಗವೇ ಬೇರೆ. ನೆತ್ತಿಯ ಕೂದಲು ಟೊಪ್ಪಿಗೆ ಇಟ್ಟ ಹಾಗೆ ಹರಡಿಕೊಂಡಿರುತ್ತದೆ, ಅದಕ್ಕೇ ಬಾನೆಟ್ ಮಕಾಕ್ ಎನ್ನುತ್ತಾರೆ. ಗುರುತು ಹಿಡಿಯುವ ಸುಲಭ ದಾರಿ ಬಾಲ. ರೀಸಸ್‌ಗೆ ಮೈಯ ಅರ್ಧದಷ್ಟೂ ಇರದ ಗಿಡ್ಡ ಬಾಲ, ಬಾನೆಟ್‌ಗೆ ಹೆಚ್ಚೂಕಡಿಮೆ ಮೈಯಷ್ಟೇ ಉದ್ದದ ಬಾಲ. ಕಪ್ಪು ಮೂತಿಯ ಮುಸ್ಯಾ ಇವೆರಡೂ ಅಲ್ಲ, ಅದರ ಜಾತಿಯೇ ಬೇರೆ. ಎಲ್ಲೆಲ್ಲೂ ಕಾಣುವ ಮಂಗಕ್ಕೇನು ಕಷ್ಟ ಎನಿಸಬಹುದು. ಆದರೆ ಬಾನೆಟ್ ಮಂಗ ಈಗ ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ‘ಅಪಾಯಕ್ಕೆ ಈಡಾಗಬಲ್ಲ’ ಪ್ರಾಣಿ. ರೀಸಸ್ ಮಂಗ ದಕ್ಷಿಣದತ್ತ ಸರಿದಂತೆ ಬಾನೆಟ್‌ನ ಸೀಮೆ ಕುಗ್ಗುತ್ತಿದೆ. ಅದರ ಜೊತೆಗೆ ರಸ್ತೆ ಬದಿಯ ಹಳೇ ಆಲದ ಮರಗಳು ಹೋದಂತೆ ಅವುಗಳ ಮನೆಯೂ ಹೋಯಿತು. ಮೈಸೂರು ಸೀಮೆಯ ರಸ್ತೆಗಳಲ್ಲಿ ಇದನ್ನು ಪ್ರೊ. ಮೇವಾ ಸಿಂಗ್ ಮತ್ತು ಜೊತೆಗಾರರು ವರ್ಷಗಟ್ಟಲೆ ಎಣಿಸಿ ತೋರಿಸಿದ್ದಾರೆ.

ಕಡತ ಬರೆಯಲು ಕೂತಾಗ ಗುಂಪು, ಗಾತ್ರ, ಆಯಸ್ಸು ಸುಲಭವಾಗಿ ಬಂದವು. ಮುಂದೆ ಕದಿಯುವ ಸಾಲು. ಅಲ್ಲಿ ನೆನಪಾದದ್ದು ಕಮಲಾಪುರದ ನಮ್ಮ ಮಾವನ ಬಾಳೆತೋಟ.

ಕಮಲಾಪುರದ ಕೆಂಪು ಬಾಳೆ ಗೊತ್ತಲ್ಲ, ಭೌಗೋಳಿಕ ಸೂಚಿಕೆ ಪಡೆದ ತಳಿ. ಬೇರೆ ಬಾಳೆಗಿಂತ ಇದಕ್ಕೆ ಕಾಲ ಹೆಚ್ಚು ಬೇಕು, ಗೊನೆ ಕೈಗೆ ಬರಲು ಸುಮಾರು ಒಂದೂವರೆ ವರ್ಷ. ಮಾವನ ತೋಟದಲ್ಲಿ ಒಂದು ಕಾಲಕ್ಕೆ 300 ಗಿಡಗಳಿದ್ದವು, ಈಗ 80. ನೀರಿನ ತೊಂದರೆ, ಕೂಲಿ ಆಳಿನ ತೊಂದರೆ ಇದ್ದದ್ದೇ. ಅದರ ಮೇಲೆ ಮಂಗಗಳು. ‘ನಾ ಒಂದೂವರಿ ವರ್ಷ ಕಾದೀನಿ, ಅವು ಒಂದ್ ಮುಂಜಾನಿ ಕಾಯಲಿಲ್ಲ ನೋಡು’ ಎಂದು ಮಾವ ನಗುತ್ತಲೇ ಹೇಳಿದರೂ ಅದು ನಗುವ ಮಾತಾಗಿರಲಿಲ್ಲ. ಈ ಸಲವೂ ಹೀಗೇ ಆದರೆ ಬಾಳೆ ಕಿತ್ತು ಕಬ್ಬು ಹಚ್ಚುವುದು ಎಂದು ಮನೆಯಲ್ಲಿ ಮಾತಾಗಿತ್ತು.

ಸೆಮಿಸ್ಟರ್ ರಜೆಗೆ ಅಲ್ಲಿಗೆ ಹೋದವನು 14 ದಿನ ಒಂದು ನೋಟ್‌ಬುಕ್ ಹಿಡಿದು ಕೂತೆ. ಮಂಗ ಬಂದ ಹೊತ್ತು, ಬಂದ ದಾರಿ, ಎಷ್ಟು ಬಂದವು, ಏನು ಮುರಿದವು, ಇಷ್ಟನ್ನೇ ಬರೆದದ್ದು. ಬಾಲ ಉದ್ದವೇ ಇತ್ತು. 14ರಲ್ಲಿ 11 ದಿನ ಬಂದವು. ಅದರಲ್ಲಿ 9 ದಿನ ಬಂದದ್ದು ಮುಂಜಾನೆ ಏಳರಿಂದ ಒಂಬತ್ತರೊಳಗೆ. ಪ್ರತಿ ಸಲವೂ ಬಾವಿ ಪಕ್ಕದ ಹುಣಸೆ ಮರದಿಂದಲೇ ಇಳಿದವು. ಮಾವ ಕಾಯುತ್ತಿದ್ದದ್ದು ಮಧ್ಯಾಹ್ನ, ಊಟದ ನಂತರ, ತೋಟದ ಆಚೆ ತುದಿಯ ಗುಡಿಸಲಲ್ಲಿ. ಅಂದರೆ ಮಾವನ ಡ್ಯೂಟಿ ಟೈಮಿಂಗ್ ಮಾವನಿಗಿಂತ ಮಂಗಗಳಿಗೇ ಚೆನ್ನಾಗಿ ಗೊತ್ತಿತ್ತು!

ಇದನ್ನು ‘ಕದಿಯುತ್ತದೆ’ ಎಂಬ ಒಂದು ಪದದಲ್ಲಿ ಹೇಗೆ ಬರೆಯುವುದು? ಆಟದ ಮಂಗಕ್ಕೆ ನಿನ್ನೆ ಎನ್ನುವುದಿಲ್ಲ. ನಿಜವಾದ ಮಂಗ ನಮ್ಮನ್ನು ಓದುತ್ತದೆ. ಬಂಡೀಪುರದ ಬಾನೆಟ್ ಮಂಗಗಳು ಮನುಷ್ಯರ ಮುಂದೆ ಕೈ ಚಾಚಿ, ‘ಕೂ’ ಎಂದು ದನಿ ತೆಗೆದು ತಿನಿಸು ಕೇಳುತ್ತವೆ. ಅದೂ ನಾವು ನೋಡುತ್ತಿದ್ದೇವೆಯೇ ಎಂದು ಗಮನಿಸಿ. ಬೆಂಗಳೂರಿನ ವಿಜ್ಞಾನಿ ಅನಿಂದ್ಯ ಸಿನ್ಹಾ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಅಧ್ಯಯನ ಇದು. ಇಂಡೊನೇಷ್ಯಾದ ಬಾಲಿ ದ್ವೀಪದ ಉಲುವಾಟು ದೇವಾಲಯದ ಮಂಗಗಳದ್ದು ಇನ್ನೂ ಒಂದು ಕೈ ಮೇಲೆ. ಅವು ಪ್ರವಾಸಿಗರ ವಸ್ತು ಕಿತ್ತುಕೊಂಡು, ತಿನಿಸು ಕೊಟ್ಟ ಮೇಲೆ ವಾಪಸು ಕೊಡುತ್ತವೆ. 2021ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ದೊಡ್ಡ ಮಂಗಗಳು ಫೋನು, ಕನ್ನಡಕದಂಥ ಬೆಲೆಯ ವಸ್ತುಗಳನ್ನೇ ಆರಿಸುತ್ತವೆ, ಅದಕ್ಕೆ ತಕ್ಕಂತೆ ಚೌಕಾಸಿಯನ್ನೂ ಮಾಡುತ್ತವೆ. ಮರಿಗಳಿಗೆ ಈ ವ್ಯಾಪಾರ ತಿಳಿಯದು. ಅಂದರೆ ಇದು ಹುಟ್ಟಿನಿಂದ ಬಂದ ಗುಣವಲ್ಲ, ಬೆಳೆಯುತ್ತಾ ಕಲಿತದ್ದು.

ಕಲಿಸುವವರು ಯಾರು? ಶನಿವಾರ ಗುಡಿ ಮುಂದೆ ಬಾಳೆಹಣ್ಣು ಕೊಟ್ಟು ಕೈಮುಗಿಯುವವರೂ ನಾವೇ, ಭಾನುವಾರ ತೋಟದಲ್ಲಿ ಅದೇ ಬಾಳೆಹಣ್ಣಿಗೆ ಕಲ್ಲು ಬೀಸುವವರೂ ನಾವೇ. ಮಂಗಕ್ಕೆ ವಾರದ ಲೆಕ್ಕ ಹೇಗೆ ತಿಳಿಯಬೇಕು?

ಆಟದಲ್ಲಿ ಪರಿಹಾರ ಸುಲಭ. ಬಾಗಿಲಲ್ಲಿ ಬೋನು ಇಟ್ಟರೆ ಆಯಿತು. ನಮ್ಮಲ್ಲೂ ಅದೇ ಬಗೆಯ ಉಪಾಯಗಳಿವೆ. ಪಟಾಕಿ ಹೊಡೆಯುತ್ತಾರೆ, ಹಿಡಿದು ದೂರ ಬಿಟ್ಟು ಬರುತ್ತಾರೆ. 2019ರಲ್ಲಿ ತೀರ್ಥಹಳ್ಳಿ ತಾಲ್ಲೂಕಿನ ರೈತರೊಬ್ಬರು ಮಂಗಗಳನ್ನು ಹೆದರಿಸಲು ತಮ್ಮ ನಾಯಿಗೇ ಹುಲಿಪಟ್ಟೆ ಬಳಿದದ್ದು ದೊಡ್ಡ ಸುದ್ದಿಯಾಗಿತ್ತು. ನಕ್ಕೆವು, ಆದರೆ ಆ ಬಣ್ಣದ ಹಿಂದೆ ಎಷ್ಟು ಕಾಫಿ, ಅಡಿಕೆಯ ನಷ್ಟವಿತ್ತೋ ಯೋಚಿಸಲಿಲ್ಲ. ಹಿಡಿದು ಬಿಡುವುದರ ಕಷ್ಟ ಇನ್ನೂ ಒಂದಿದೆ. ಆಟದ ನಕ್ಷೆಗೆ ಅಂಚು ಇದೆ, ನಮ್ಮ ಜಿಲ್ಲೆಗೆ ಅಂಥ ಅಂಚು ಇಲ್ಲ. ನಮ್ಮ ತೋಟದ ಆಚೆ ಇರುವುದು ಇನ್ನೊಬ್ಬರ ತೊಗರಿ ಹೊಲ.

ನೋಟ್‌ಬುಕ್ ನೋಡಿ ಮಾವ ಮೊದಲು ‘ಇಂಜಿನಿಯರ್ ಸಾಹೇಬ್ರು ಮಂಗ್ಯಾನ ಹಾಜರಿ ತಗೊಂಡಾರ’ ಎಂದು ಮನೆಮಂದಿಯ ಮುಂದೆ ನಗಾಡಿದರು. ಆಮೇಲೆ ಕಾಯುವ ಹೊತ್ತನ್ನು ಮುಂಜಾನೆಗೆ ಬದಲಿಸಿದರು, ನಾಯಿಯನ್ನು ಹುಣಸೆ ಮರದ ಬುಡಕ್ಕೆ ತಂದು ಕಟ್ಟಿದರು. ಹಣ್ಣಾಗಲು ಬಿಡದೆ, ಬಲಿತ ಗೊನೆಯನ್ನು ಎರಡು ದಿನ ಮೊದಲೇ ಇಳಿಸತೊಡಗಿದರು. ಮೊದಲ ಎರಡು ತಿಂಗಳಲ್ಲಿ 11 ಗೊನೆ ಹೋಗಿದ್ದವು, ಮುಂದಿನ ಎರಡು ತಿಂಗಳಲ್ಲಿ ಹೋದದ್ದು 3. ಖರ್ಚು ಒಂದು ಹಗ್ಗ. ಹುಣಸೆ ಮರ ಕಡಿಯುವ ಮಾತೂ ಬಂದಿತ್ತು. ‘ಮರ ಇದ್ರ ಅವು ಎಲ್ಲಿಂದ ಬರ್ತಾವಂತರ ಗೊತ್ತಾಗ್ತದ’ ಎಂದು ಅಜ್ಜಿ ಅದನ್ನು ನಿಲ್ಲಿಸಿದಳು. ನಾನು ಓದಿದ ಯಾವ ಪಠ್ಯದಲ್ಲೂ ಇಷ್ಟು ಚೊಕ್ಕ ತರ್ಕ ಸಿಕ್ಕಿರಲಿಲ್ಲ.

ಮಂಗಗಳು ಕಲಿಯುವ ಜಾತಿ, ನಾಯಿಯ ಹಗ್ಗ ಎಷ್ಟು ಉದ್ದ ಎಂಬುದನ್ನೂ ಇಷ್ಟರಲ್ಲೇ ಅಳೆದುಬಿಡುತ್ತವೆ. ಆಗ ಮತ್ತೆ ನೋಟ್‌ಬುಕ್ ತೆಗೆಯಬೇಕು. ನಿಮ್ಮ ಹೊಲಕ್ಕೂ ಬರುತ್ತವೆಯೇ? ಕಲ್ಲು ಹುಡುಕುವ ಮೊದಲು ಒಂದು ವಾರ ಹೊತ್ತು, ದಾರಿ ಬರೆದಿಡಿ. ರಜೆಗೆ ಊರಿಗೆ ಹೋಗುವ ನಮ್ಮಂಥವರು ಮೊಬೈಲ್ ಪಕ್ಕಕ್ಕಿಟ್ಟು ಮಾಡಬಹುದಾದ ಕೆಲಸವಿದು. ಮಾವ ಕಬ್ಬಿನ ಮಾತು ಸದ್ಯಕ್ಕೆ ಬಿಟ್ಟಿದ್ದಾರೆ. ಮಳೆ ಹಿಡಿದರೆ ಇನ್ನೂ 40 ಕೆಂಪು ಬಾಳೆ ಕಂದು ನೆಡುವ ಯೋಚನೆಯಲ್ಲಿದ್ದಾರೆ.