ಸೂರ್ಯಾಸ್ತದ ಗಡುವು

ಮನುಷ್ಯನಿಗೆ ಕೋಪವೇ ಬರಬಾರದೆಂದು ಕ್ರೈಸ್ತಧರ್ಮ ಹೇಳುವುದಿಲ್ಲ. ಯೆರೂಸಲೇಮಿನ ದೇವಾಲಯದಲ್ಲಿ ನಾಣ್ಯ ಬದಲಾಯಿಸುವವರ ಮೇಜುಗಳನ್ನು ಉರುಳಿಸಿದ ಯೇಸು ಕೋಪವನ್ನರಿಯದವನಲ್ಲ. ಆದರೆ ಅದೇ ಯೇಸು ಪರ್ವತಪ್ರಸಂಗದಲ್ಲಿ ನರಹತ್ಯೆಯ ಮಾತಿನೊಡನೆಯೇ ಸಹೋದರನ ಮೇಲಣ ಸಿಟ್ಟಿನ ಮಾತನ್ನೂ ಎತ್ತುತ್ತಾನೆ. ಎರಡೂ ನ್ಯಾಯವಿಚಾರಣೆಗೆ ಗುರಿಯಾಗತಕ್ಕವು ಎನ್ನುತ್ತಾನೆ. ಎಫೆಸದವರಿಗೆ ಬರೆದ ಪತ್ರವಂತೂ ಕೋಪಕ್ಕೆ ಒಂದು ಗಡುವನ್ನೇ ಗೊತ್ತುಮಾಡಿದೆ: ಸೂರ್ಯ ಮುಳುಗುವುದರೊಳಗೆ ಅದು ಶಮನವಾಗಬೇಕು.

ಆದಿಕಾಂಡದ ಕಾಯಿನನ ಕಥೆಯಲ್ಲಿ ಒಂದು ಸೂಕ್ಷ್ಮವಿದೆ. ತನ್ನ ಕಾಣಿಕೆಯನ್ನು ದೇವರು ಮೆಚ್ಚದೆ ತಮ್ಮನಾದ ಹೇಬೆಲನ ಕಾಣಿಕೆಯನ್ನು ಮೆಚ್ಚಿದನೆಂದು ಅವನು ಕುದಿಯುತ್ತಾನೆ. ಕೊಲೆ ನಡೆಯುವ ಮೊದಲೇ ದೇವರು ಅವನನ್ನು ತಡೆದು, ಈ ಸಿಟ್ಟೇಕೆ ಎಂದು ಕೇಳುತ್ತಾನೆ. ಕಾಯಿನನು ಉತ್ತರ ಕೊಟ್ಟನೆಂದು ಕಥೆಯಲ್ಲಿಲ್ಲ. ಆ ಪ್ರಶ್ನೆಯ ಮುಂದೆ ಅವನು ಒಂದು ಗಳಿಗೆ ನಿಂತಿದ್ದರೆ ಹೇಬೆಲನು ಉಳಿಯುತ್ತಿದ್ದನು.

ಕ್ರಿ. ಶ. 390ರಲ್ಲಿ ಥೆಸಲೋನಿಕ ನಗರದ ಜನ ದಂಗೆಯೆದ್ದು ರೋಮನ್ ಸೇನಾಧಿಕಾರಿಯೊಬ್ಬನನ್ನು ಕೊಂದರು. ಸಾಮ್ರಾಟ ಥಿಯೊಡೋಸಿಯಸನು ಕ್ರೈಸ್ತನು. ಬಿಷಪರ ಬಿನ್ನಹಕ್ಕೆ ಮಣಿದು ಮೊದಲು ಕ್ಷಮೆಯ ಮಾತು ಕೊಟ್ಟಿದ್ದನೆಂದೂ ಬಳಿಕ ಹತ್ತಿರದವರ ಒತ್ತಾಯಕ್ಕೆ ಸೋತನೆಂದೂ ಸಂತ ಅಗಸ್ಟೀನನು ಬರೆದಿದ್ದಾನೆ. ಸೈನಿಕರು ಅಪರಾಧಿ ನಿರಪರಾಧಿಗಳೆನ್ನದೆ ಜನರನ್ನು ಕಡಿದರು. ಸತ್ತವರು 7,000 ಎಂಬುದು ಚರಿತ್ರಕಾರ ಥಿಯೊಡೊರೆಟನ ಲೆಕ್ಕ. ಮಿಲಾನಿನ ಬಿಷಪ್ ಆಂಬ್ರೋಸನು ಸಾಮ್ರಾಟನಿಗೆ ಪತ್ರ ಬರೆದು, ಪಶ್ಚಾತ್ತಾಪಪಡುವವರೆಗೆ ತಾನು ಅವನ ಸಮ್ಮುಖದಲ್ಲಿ ಬಲಿಪೂಜೆಯನ್ನು ಅರ್ಪಿಸಲಾರೆನೆಂದನು. ದೊರೆ ಎಲ್ಲರೆದುರು ಪ್ರಾಯಶ್ಚಿತ್ತ ಮಾಡಿಕೊಂಡನು. ಇನ್ನು ಮುಂದೆ ಮರಣದಂಡನೆಯ ಆಜ್ಞೆ 30 ದಿನ ಕಾದು, ಮರುಪರಿಶೀಲನೆಯಾದ ಮೇಲೆಯೇ ಜಾರಿಯಾಗಬೇಕೆಂದು ಆಂಬ್ರೋಸನು ಅವನಿಂದ ಕಾನೂನು ಮಾಡಿಸಿದನೆಂದೂ ಥಿಯೊಡೊರೆಟನು ಹೇಳುತ್ತಾನೆ. ಕೋಪ ಬೇಗ ಮುಗಿಯಬೇಕು. ಕೋಪದಲ್ಲಿ ಹುಟ್ಟಿದ ಕಾರ್ಯ ತಡವಾಗಬೇಕು. ಈ ಎರಡು ವಿಧಿಗಳೂ ಒಂದಕ್ಕೊಂದು ಪೂರಕ.

ಇದನ್ನು ಬಲ್ಲ ನಾನು ಇದರಂತೆ ನಡೆದವನಲ್ಲ. ಬಹಳ ವರ್ಷಗಳ ಹಿಂದೆ, ಮನೆಯ ಪಾಲಿನ ವಿಚಾರವಾಗಿ ತಮ್ಮನಿಗೊಂದು ಕಾಗದ ಬರೆದೆ. ಕನ್ನಡ ಪಾಠ ಹೇಳುವವನ ಕಾಗದ. ಚುಚ್ಚುವ ಮಾತುಗಳನ್ನು ಆಯ್ದಾಯ್ದು ಇಟ್ಟಿದ್ದೆ. ಸಂಜೆಯ ಟಪಾಲು ತಪ್ಪಬಾರದೆಂದು ಓಡಿಹೋಗಿ ಪೆಟ್ಟಿಗೆಗೆ ಹಾಕಿದೆ. ರಾತ್ರಿಯ ಊಟದ ಹೊತ್ತಿಗೆ ಸಿಟ್ಟು ಇಳಿದಿತ್ತು, ಕಾಗದ ಹೊರಟುಹೋಗಿತ್ತು. ಆರು ವರ್ಷ ಅವನು ನಮ್ಮ ಮನೆಯ ಮೆಟ್ಟಿಲು ತುಳಿಯಲಿಲ್ಲ. ಕಾಣಿಕೆಯನ್ನು ಬಲಿಪೀಠದ ಬಳಿಯೇ ಬಿಟ್ಟು ಮೊದಲು ಸಹೋದರನೊಡನೆ ರಾಜಿಯಾಗು ಎಂಬುದು ಯೇಸುವಿನ ಬೋಧೆ. ನಾನಾದರೋ ಆ ಆರು ವರ್ಷವೂ ಭಾನುವಾರ ತಪ್ಪದೆ ಕಾಣಿಕೆ ಹಾಕುತ್ತಿದ್ದೆ.

ತಾಯಿಯ ಶವಸಂಸ್ಕಾರದ ದಿನ ತಮ್ಮ ಬಂದನು. ನಾನು ಕ್ಷಮೆ ಕೇಳಿದೆ, ಅವನು ಕ್ಷಮಿಸಿದನು. ಮಕ್ಕಳಿಬ್ಬರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿ ಬಡಿಸಬೇಕೆಂದು ತಾಯಿ ಆಸೆಪಟ್ಟಿದ್ದಳು. ಅದು ಮಾತ್ರ ನೆರವೇರಲಿಲ್ಲ.

ಈಗಲೂ ನನಗೆ ಸಿಟ್ಟು ಬರುತ್ತದೆ. ಬಂದಾಗ ಕಾಗದ ಬರೆಯುವುದೂ ಉಂಟು. ಬರೆದು ಮೇಜಿನ ಮೇಲಿಟ್ಟು ಮಲಗುತ್ತೇನೆ. ಬೆಳಗ್ಗೆ ಓದಿದ ಮೇಲೆ ಅಂಚೆಗೆ ಹಾಕಬೇಕೆನಿಸಿದ ಕಾಗದ ಇದುವರೆಗೆ ಒಂದೂ ಇಲ್ಲ.