ಬೆಳ್ಳಿ ನಾಲಗೆಯವರ ಕಾಗದಗಳು

1924ರ ಜನವರಿ 12ರ ರಾತ್ರಿ, ಪುಣೆಯ ಸಾಸೂನ್ ಆಸ್ಪತ್ರೆ. ಯರವಡಾ ಜೈಲಿನಿಂದ ತಂದ ಕೈದಿಗೆ ಅಪೆಂಡಿಸೈಟಿಸ್. ಬೊಂಬಾಯಿಯ ವೈದ್ಯ ಮಿತ್ರರು ಹೊತ್ತಿಗೆ ಸರಿಯಾಗಿ ಸಿಕ್ಕಿಲ್ಲ. ಸರ್ಜನ್ ಕರ್ನಲ್ ಮ್ಯಾಡಕ್ ಇನ್ನು ಕಾಯುವಂತಿಲ್ಲ ಎನ್ನುತ್ತಿದ್ದಾರೆ. ಇಂಥ ಗಳಿಗೆಯಲ್ಲಿ ಗಾಂಧೀಜಿ ಕರೆಸಿಕೊಂಡದ್ದು ಯಾರನ್ನು? ತಮ್ಮ ಅಸಹಕಾರವನ್ನು ಖಡಾಖಂಡಿತವಾಗಿ ವಿರೋಧಿಸಿದ್ದ ಶ್ರೀನಿವಾಸ ಶಾಸ್ತ್ರಿಗಳನ್ನು!

ಶಾಸ್ತ್ರಿಗಳು ಬಂದರು. ಒಪ್ಪಿಗೆಯ ಹೇಳಿಕೆ ತಯಾರಾಯಿತು. ಗಾಂಧೀಜಿ ಮಂಡಿ ಮಡಚಿಕೊಂಡು ಅದಕ್ಕೆ ಪೆನ್ಸಿಲಿನಲ್ಲಿ ರುಜು ಹಾಕಿದರು. ನೋಡಿ, ನನ್ನ ಕೈ ಹೇಗೆ ನಡುಗುತ್ತಿದೆ, ಇದನ್ನು ನೀವೇ ಸರಿಮಾಡಬೇಕು ಎಂದು ಮ್ಯಾಡಕ್‌ಗೆ ಹೇಳಿದರು. ಆಪರೇಷನ್ ನಡುವೆ ಕರೆಂಟು ಕೈಕೊಟ್ಟಿತು. ಲಾಟೀನು ಹಿಡಿದು ಕೆಲಸ ಮುಗಿಸಿದರು.

ಆ ಪೆನ್ಸಿಲು, ಆ ನಡುಕ ನಮಗೆ ಇವತ್ತೂ ಕಾಣುತ್ತಿದ್ದರೆ ಅದು ಶಾಸ್ತ್ರಿಗಳು ಬರೆದಿಟ್ಟದ್ದರಿಂದ.

ಕುಂಭಕೋಣದ ಹತ್ತಿರದ ವಲಂಗೈಮಾನ್‌ನಲ್ಲಿ 1869ರಲ್ಲಿ ಹುಟ್ಟಿದ ಬಡ ವೈದಿಕರ ಮನೆಯ ಹುಡುಗ ಈತ. ಮದರಾಸಿನ ತಿರುವಲ್ಲಿಕ್ಕೇಣಿಯಲ್ಲಿ ಹೆಡ್‌ಮಾಸ್ಟರಾಗಿದ್ದು, 1907ರಲ್ಲಿ ಗೋಖಲೆಯವರ ಭಾರತ ಸೇವಕ ಸಮಾಜ ಸೇರಿದರು. 1918ರಲ್ಲಿ ‘ಸರ್ವೆಂಟ್ ಆಫ್ ಇಂಡಿಯಾ’ ವಾರಪತ್ರಿಕೆ ಹೊರಡಿಸಿದರು. ಇಂಗ್ಲಿಷರೇ ಅವರ ಇಂಗ್ಲಿಷಿಗೆ ತಲೆದೂಗಿ ‘ಬೆಳ್ಳಿ ನಾಲಗೆ’ ಎಂದರು. 1919ರಲ್ಲಿ ರೌಲಟ್ ಮಸೂದೆಯ ವಿರುದ್ಧ ಅವರು ಆಡಿದ ಮಾತಿಗೆ ವೈಸ್‌ರಾಯ್ ಮಂತ್ರಮುಗ್ಧನಾದಂತೆ ಕೂತಿದ್ದನ್ನು ಸ್ವತಃ ಗಾಂಧೀಜಿ ಕಣ್ಣಾರೆ ಕಂಡು ಬರೆದಿದ್ದಾರೆ. ಮಂತ್ರಮುಗ್ಧನಾಗಿಯೇ ವೈಸ್‌ರಾಯ್ ಮಸೂದೆಯನ್ನು ಕಾನೂನು ಮಾಡಿಸಿಕೊಂಡ!

ವೇದಿಕೆಯ ಶಾಸ್ತ್ರಿಗಳು ಇಸ್ತ್ರಿ ಹಾಕಿದ ಪೇಟದಂತೆ. ಒಂದು ಮಡಿಕೆ ಆಚೀಚೆ ಇಲ್ಲ. ಕಾಗದದ ಶಾಸ್ತ್ರಿಗಳು ಪೇಟ ಬಿಚ್ಚಿ ಗೂಟಕ್ಕೆ ತಗಲಿಸಿ, ಜಗಲಿಯ ಮೇಲೆ ಕಾಲು ಚಾಚಿ ಕೂತವರು. ತಮ್ಮ ರಾಮಸ್ವಾಮಿಗೆ, ಪತ್ರಿಕೆಯ ಹೊಣೆ ಹೊತ್ತ ಪುಣೆಯ ವಝೆಯವರಿಗೆ, ಹಳೆಯ ಶಿಷ್ಯರಿಗೆ ಕಾಗದ ಹೋಗುತ್ತಲೇ ಇತ್ತು. 1927ರಿಂದ 1929ರವರೆಗೆ ಭಾರತದ ಏಜೆಂಟರಾಗಿದ್ದಾಗ ದಕ್ಷಿಣ ಆಫ್ರಿಕಾದಿಂದಲೂ ಹೋಯಿತು. ಕೈಕೊಡುವ ಎದೆಯ ಬಗ್ಗೆ ದೂರು, ತಮ್ಮ ಮೇಲೆ ತಮಗೇ ಗುಮಾನಿ. ಸಭೆಯಲ್ಲಿ ಚಪ್ಪಾಳೆ ಹೊಡೆದವರಿಗೆ ಈ ಮನುಷ್ಯನ ಪರಿಚಯವೇ ಇದ್ದಿರಲಾರದು. ನನಗಂತೂ ಭಾಷಣಕ್ಕಿಂತ ಈ ಕಾಗದಗಳ ಶಾಸ್ತ್ರಿಗಳೇ ಹೆಚ್ಚು ಹತ್ತಿರ.

ಗಾಂಧೀಜಿಯ ಉತ್ತರಗಳು ‘ಪ್ರಿಯ ಸೋದರ’ ಎಂದು ಶುರುವಾಗುತ್ತಿದ್ದವು. ಆಮೇಲೆ ಜಗಳ. ನೀವು ಮಾಡುತ್ತಿರುವುದು ತಪ್ಪು ಎಂದು ಶಾಸ್ತ್ರಿಗಳು, ಇಲ್ಲ ಎಂದು ಗಾಂಧೀಜಿ. ಮುಂದಿನ ಟಪ್ಪಾಲಿನಲ್ಲಿ ಮತ್ತೆ ‘ಪ್ರಿಯ ಸೋದರ’.

ಶಾಸ್ತ್ರಿಗಳು ಇದ್ದಾಗಲೇ, 1944ರಲ್ಲಿ, ಟಿ.ಎನ್. ಜಗದೀಶನ್ ಈ ಕಾಗದಗಳನ್ನು ಆರಿಸಿ ಪುಸ್ತಕ ಮಾಡಿದರು. ಕುಷ್ಠರೋಗವನ್ನು ಸ್ವತಃ ಅನುಭವಿಸಿ, ಆ ರೋಗಿಗಳ ಸೇವೆಗೇ ನಿಂತವರು ಅವರು. ಮೂಲ ಕಾಗದಪತ್ರಗಳು ದೆಹಲಿಯ ಸಂಗ್ರಹಗಳಲ್ಲಿವೆ. ನಮ್ಮ ಡಿವಿಜಿ ‘ಜ್ಞಾಪಕ ಚಿತ್ರಶಾಲೆ’ಯಲ್ಲಿ ಶಾಸ್ತ್ರಿಗಳನ್ನು ನೆನೆದರು, 1945ರಲ್ಲಿ ಬೆಂಗಳೂರಿನಲ್ಲಿ ಸಂಸ್ಥೆ ಕಟ್ಟಿದಾಗ ಅದಕ್ಕೆ ಇಟ್ಟದ್ದೂ ಶಾಸ್ತ್ರಿಗಳ ಗುರು ಗೋಖಲೆಯವರ ಹೆಸರನ್ನೇ.

1946ರ ಜನವರಿ, ಮದರಾಸಿನ ಆಸ್ಪತ್ರೆ. ಈ ಸಲ ಹಾಸಿಗೆಯಲ್ಲಿ ಶಾಸ್ತ್ರಿಗಳು, ಪಕ್ಕದಲ್ಲಿ ಗಾಂಧೀಜಿ. ಏಪ್ರಿಲ್ 17ರಂದು ಶಾಸ್ತ್ರಿಗಳು ತೀರಿಕೊಂಡರು.

ಇನ್ನೊಂದು ಸಂಗತಿ ಹೇಳದೆ ಬಿಡಲಾರೆ. ಗಾಂಧೀಜಿ ಆತ್ಮಕಥೆಯ ಇಂಗ್ಲಿಷ್ ಅನುವಾದವನ್ನು ಸಾಲು ಸಾಲಾಗಿ ತಿದ್ದಿಕೊಟ್ಟವರು ಇದೇ ಶಾಸ್ತ್ರಿಗಳು. ಕೆಲಸ ಒಪ್ಪಿಕೊಳ್ಳುವಾಗ ಒಂದೇ ಷರತ್ತು: ಹೆಸರು ಹೊರಬೀಳಕೂಡದು. 1940ರ ಆವೃತ್ತಿಯ ಮುನ್ನುಡಿಯಲ್ಲಿ ಮಹಾದೇವ ದೇಸಾಯಿ ‘ಪೂಜ್ಯ ಮಿತ್ರರೊಬ್ಬರು’ ಎಂದಷ್ಟೇ ಬರೆದು ಮಾತು ಉಳಿಸಿಕೊಂಡರು.