ಟಿಕೆಟ್ಟಿಲ್ಲದ ಶಾಸ್ತ್ರೀಯ ಸಂಗೀತ

ಫೆಬ್ರುವರಿ ನಡುವಿನಲ್ಲಿ ಸಂತ ಸೇವಾಲಾಲ್ ಜಯಂತಿಗೆಂದು ಸೂರಗೊಂಡನಕೊಪ್ಪದ ಭಾಯಗಡಕ್ಕೆ ಬರುವ ಬಂಜಾರರಲ್ಲಿ ಹಾಡುವವರು ಬೇರೆ, ಕೇಳುವವರು ಬೇರೆ ಎಂಬ ವಿಂಗಡಣೆ ಕಾಣಿಸುವುದಿಲ್ಲ. ನಗಾರಿ ಸದ್ದಾದರೆ ಭಜನೆ ಶುರು, ದನಿ ಇದ್ದವರೆಲ್ಲ ಕೂಡಿಕೊಳ್ಳುತ್ತಾರೆ. ಶಾಸ್ತ್ರೀಯ ಸಂಗೀತದ ವಿಷಯ ಬಂದಾಗ ಮಾತ್ರ ಮೇಲೆ ವಿದ್ವಾಂಸರು, ಕೆಳಗೆ ಕುರ್ಚಿಗಳಲ್ಲಿ ನಾವು ಎಂದು ಒಪ್ಪಿಕೊಂಡು ಕೂತಿದ್ದೇವೆ. ಹವ್ಯಾಸಿ ನಾಟಕ ತಂಡವೆಂದರೆ ಕನ್ನಡಿಗರಿಗೆ ಹೆಮ್ಮೆ. ಹವ್ಯಾಸಿ ಸಂಗೀತಗಾರ ಎಂದರೆ ಅರೆಬರೆ ಕಲಿತವನೆಂಬ ಸಸಾರ.

ಈ ಸಸಾರಕ್ಕೆ ಉತ್ತರ ಹತ್ತಿರದಲ್ಲೇ ಇದೆ. ನ್ಯಾಮತಿ ದಾಟಿ ಶಿವಮೊಗ್ಗಕ್ಕೆ ಹೋದರೆ, ಊರಿನಾಚೆ ತುಂಗಾನದಿಯ ಒಂದು ದಡದಲ್ಲಿ ಮತ್ತೂರು, ಎದುರು ದಡದಲ್ಲಿ ಹೊಸಹಳ್ಳಿ. ಮತ್ತೂರು ಸಂಸ್ಕೃತಕ್ಕೆ ಹೆಸರಾದಂತೆ ಹೊಸಹಳ್ಳಿ ಗಮಕಕ್ಕೆ ಹೆಸರಾಗಿದೆ.

ಕಾವ್ಯವನ್ನು ರಾಗದಲ್ಲಿ ಓದುವುದೇ ಗಮಕ. ಒಬ್ಬರು ವಾಚನ ಮಾಡುತ್ತಾರೆ, ಪಕ್ಕದಲ್ಲಿ ಕೂತವರು ವ್ಯಾಖ್ಯಾನ ಹೇಳುತ್ತಾರೆ. ತಾಳದ ಕಟ್ಟಿಲ್ಲ, ಮೃದಂಗ ಬೇಕಿಲ್ಲ. ಒಂದು ಶ್ರುತಿಪೆಟ್ಟಿಗೆ ಸಾಕು. ತಾಳವಿಲ್ಲದ್ದು ಸುಲಭವಿರಬೇಕು ಎಂದುಕೊಂಡರೆ ಕೆಟ್ಟಿರಿ. ಕುಮಾರವ್ಯಾಸನ ಭಾಮಿನಿ ಷಟ್ಪದಿ ಮೂರು-ನಾಲ್ಕು ಮಾತ್ರೆಯ ಗಣಗಳಲ್ಲಿ ಓಡುತ್ತದೆ. ಗಣ ಮುಗಿದಲ್ಲೆಲ್ಲ ನಿಂತರೆ ಪದ ನಡುವೆ ತುಂಡಾಗಿ ಅರ್ಥ ಕೆಡುತ್ತದೆ. ಸಾಲು ಮುಗಿದರೂ ಎಷ್ಟೋ ಸಲ ವಾಕ್ಯ ಮುಗಿದಿರುವುದಿಲ್ಲ. ಗಮಕಿ ಉಸಿರು ಹಿಡಿದು ಮುಂದಿನ ಸಾಲಿಗೆ ದಾಟಿ, ಮಾತು ನಿಲ್ಲುವಲ್ಲಿ ನಿಲ್ಲಬೇಕು. ಛಂದಸ್ಸು ಕಿವಿಗೆ ಬೀಳುತ್ತಲೂ ಇರಬೇಕು, ಅದರ ಕುದುರೆ ಓಟ ಅರ್ಥವನ್ನು ತುಳಿಯಲೂ ಬಾರದು.

ಉದ್ಯೋಗಪರ್ವದಲ್ಲಿ ಕೃಷ್ಣ ಕರ್ಣನನ್ನು ಪಕ್ಕಕ್ಕೆ ಕೂರಿಸಿಕೊಂಡು ಹುಟ್ಟಿನ ಗುಟ್ಟು ಹೇಳುವ ಭಾಗವನ್ನೇ ತೆಗೆದುಕೊಳ್ಳಿ. ಕೃಷ್ಣನ ನಯದ ಮಾತಿಗೆ ಮೋಹನವೋ ಕಾಂಬೋಧಿಯೋ ಒದಗೀತು. ಕರ್ಣನಿಗೆ ಗಂಟಲು ಕಟ್ಟಿ ಬರುವಾಗಲೂ ಅದೇ ರಾಗ ಹಿಡಿದಿದ್ದರೆ ಕೇಳುವವರಿಗೆ ಕಸಿವಿಸಿ. ಅಲ್ಲಿ ಮುಖಾರಿಗೆ ಇಳಿಯಬೇಕು. ಆ ದಾಟುವಿಕೆಯನ್ನು ಮುಚ್ಚಿಕೊಡಲು ಪಕ್ಕದಲ್ಲಿ ಪಿಟೀಲು ಇರುವುದಿಲ್ಲ. ವೀರಕ್ಕೆ ನಾಟ, ರೋಷಕ್ಕೆ ಅಠಾಣ, ಮಂಗಳಕ್ಕೆ ಮಧ್ಯಮಾವತಿ ಎಂಬ ರೂಢಿಯೇನೋ ಇದೆ. ಆದರೆ ಯಾವ ಪದ್ಯದ ಯಾವ ಮಾತಿಗೆ ರಾಗ ಬದಲಿಸಬೇಕೆಂಬುದು ಕಾವ್ಯವನ್ನು ಪದೇಪದೇ ಓದಿದವರಿಗೇ ಹೊಳೆಯುವಂಥದ್ದು.

ಹೊಸಹಳ್ಳಿಯ ಎಚ್.ಆರ್. ಕೇಶವಮೂರ್ತಿ ಈ ವಿದ್ಯೆಯನ್ನು ಮೊದಲು ಕಲಿತದ್ದು ತಂದೆ ರಾಮಸ್ವಾಮಿ ಶಾಸ್ತ್ರಿಗಳಿಂದ. ಕೇಶವಮೂರ್ತಿಗಳ ವಾಚನ, ಮತ್ತೂರಿನ ಮಾರ್ಕಂಡೇಯ ಅವಧಾನಿಗಳ ವ್ಯಾಖ್ಯಾನ ಎಂದರೆ ನಾಡಿನ ಗಮಕಪ್ರಿಯರಿಗೆ ಒಂದೇ ಉಸಿರಿನಲ್ಲಿ ಹೇಳುವ ಜೋಡಿ ಹೆಸರು. 2022ರಲ್ಲಿ ಕೇಶವಮೂರ್ತಿಗಳಿಗೆ ಪದ್ಮಶ್ರೀ ಬಂತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಪ್ರಶಸ್ತಿ ಬಂದಾಗ ‘ಗಮಕ ಎಂದರೇನು’ ಎಂದು ಪತ್ರಿಕೆಗಳು ಕನ್ನಡಿಗರಿಗೇ ವಿವರಿಸಬೇಕಾಯಿತು ಎನ್ನುವುದು ಬೇರೆ ಮಾತು.

ಗಮಕ ಹೊಟ್ಟೆಪಾಡಾಗುವುದು ಅಪರೂಪ. ಶಾಲೆಯ ಮೇಷ್ಟ್ರು, ಬ್ಯಾಂಕಿನವರು, ಕೃಷಿಕರು, ಮನೆಗೆಲಸ ಮುಗಿಸಿ ಬಂದ ಗೃಹಿಣಿಯರು ಇದನ್ನು ಉಳಿಸಿಕೊಂಡಿದ್ದಾರೆ. ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ 1978ರಿಂದ ತ್ಯಾಗರಾಜರ ಆರಾಧನೆ ನಡೆದುಬಂದಿರುವುದಕ್ಕೂ ಬೇರೆ ಉದ್ಯೋಗ ಮಾಡುತ್ತ ಸಂಗೀತ ಬಿಡದವರೇ ಬೆನ್ನೆಲುಬು. ಶಾಸ್ತ್ರೀಯ ಸಂಗೀತದ ಭವಿಷ್ಯದ ಚರ್ಚೆಯಲ್ಲಿ ನಾವು ಸಭಾಂಗಣದ ಖಾಲಿ ಕುರ್ಚಿ ಎಣಿಸುತ್ತೇವೆ. ಮನೆಯಲ್ಲಿ ಶ್ರುತಿ ಹಿಡಿದು ಕೂರುವವರು ಎಷ್ಟು ಮಂದಿ ಉಳಿದಿದ್ದಾರೆ ಎಂದು ಕೇಳಬೇಕಿತ್ತು. ತಾನೇ ನಾಲ್ಕು ಪದ್ಯ ವಾಚಿಸಿದವನಿಗೆ ವಿದ್ವಾಂಸರ ಮುಖಾರಿ ಎಲ್ಲಿ ಬಿಗಿಯಿತು, ಎಲ್ಲಿ ಸಡಿಲಾಯಿತು ಎಂದು ತಿಳಿಯುತ್ತದೆ. ಅಂಥ ಕಿವಿಗಳಿಲ್ಲದ ಊರಲ್ಲಿ ವಿದ್ವಾಂಸರಾದರೂ ಯಾರಿಗೆ ಹಾಡಬೇಕು?

ಗಮಕದಲ್ಲಿ ಎಲ್ಲವೂ ಸರಿಯಿದೆ ಎಂದಲ್ಲ. ಆಲಾಪನೆ ಬೆಳೆದು ಕಾವ್ಯ ಮುಳುಗುವ ವಾಚನಗಳಿವೆ. ಐದು ನಿಮಿಷದ ವಾಚನಕ್ಕೆ ಅರ್ಧ ಗಂಟೆ ವ್ಯಾಖ್ಯಾನ ಹೊಡೆಯುವವರೂ ಇದ್ದಾರೆ. ಕೇಳುಗರು ಎದ್ದುಹೋದರೆ ಕಾಲದ ಮೇಲೆ ತಪ್ಪು ಹೊರಿಸುತ್ತಾರೆ. ಅದಕ್ಕಿಂತ ದೊಡ್ಡ ಕೊರತೆ, ಈ ಕಲೆ ಬಹುಕಾಲ ಕೆಲವೇ ಮನೆಗಳ ಜಗಲಿಯಲ್ಲಿ ಉಳಿದದ್ದು. ಭಜನೆ ಕೇಳಿ ಬೆಳೆದ ಬಂಜಾರ ತಾಂಡಾದ ಮಗುವಿನ ದನಿಗೆ ಶ್ರುತಿ ಹೊಸದಲ್ಲ, ಕುಮಾರವ್ಯಾಸನನ್ನು ಯಾರೂ ಅದರ ಕಿವಿಗೆ ಹಾಕಲಿಲ್ಲ ಅಷ್ಟೆ.

ಆ ಕರ್ಣನ ಪ್ರಸಂಗ ಹತ್ತನೇ ತರಗತಿಯ ಕನ್ನಡ ಪಠ್ಯದಲ್ಲೇ ಇದೆ. ಹೊನ್ನಾಳಿ, ನ್ಯಾಮತಿ, ಚನ್ನಗಿರಿ, ಜಗಳೂರಿನ ಕನ್ನಡ ಮೇಷ್ಟ್ರುಗಳಲ್ಲಿ, ಮೇಡಂಗಳಲ್ಲಿ ಒಂದು ಕೋರಿಕೆ: ಈ ವರ್ಷ ಆ ಪಾಠ ಬಂದಾಗ ಪದವಿಭಾಗ ಬರೆಸುವ ಮೊದಲು ಒಂದೆರಡು ಪದ್ಯ ರಾಗದಲ್ಲಿ ಓದಿ, ಆಮೇಲೆ ಮಕ್ಕಳಿಂದಲೂ ಓದಿಸಿ. ದನಿ ಚೆನ್ನಾಗಿಲ್ಲ ಎಂಬ ಸಂಕೋಚ ಬೇಡ. ಮೊಬೈಲಿನಲ್ಲೇ ಶ್ರುತಿಪೆಟ್ಟಿಗೆ ಸಿಗುತ್ತದೆ, ಕೇಶವಮೂರ್ತಿಗಳ ವಾಚನವೂ ಸಿಗುತ್ತದೆ.